ಪ್ರಾರ್ಥನಾ ಸಭೆಯಲ್ಲಿ ಪಳಗಿದ ಗಿಟಾರ್: ಸಿಸ್ಟರ್ ರೊಸೆಟ್ಟಾ ಥಾರ್ಪ್

ಕೇಳುಗರಿಗೆ ನಮಸ್ಕಾರ.

1964ರ ಮೇ 7ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ಪ್ರಯಾಣಿಕರ ಬಳಕೆ ನಿಂತುಹೋಗಿದ್ದ ವಿಲ್ಬ್ರಹಾಂ ರೋಡ್ ರೈಲು ನಿಲ್ದಾಣದ ಒಂದು ಪ್ಲಾಟ್‌ಫಾರ್ಮಿನಲ್ಲಿ ಪ್ರೇಕ್ಷಕರು ಕುಳಿತಿದ್ದರು. ಎದುರಿನ ಪ್ಲಾಟ್‌ಫಾರ್ಮೇ ರಂಗಸ್ಥಳವಾಗಿತ್ತು. ಗ್ರಾನಡಾ ಟೆಲಿವಿಷನ್ ಚಿತ್ರೀಕರಿಸುತ್ತಿದ್ದ ಆ ಕಾರ್ಯಕ್ರಮದ ಹೊತ್ತಿಗೆ ಮಳೆ ಬಂದಿತ್ತು. ಕುದುರೆಗಾಡಿಯಿಂದ ಇಳಿದುಬಂದ ನಲವತ್ತೊಂಬತ್ತು ವರ್ಷದ ಕಪ್ಪು ಮಹಿಳೆಯೊಬ್ಬರು ಬಿಳಿಯ ಎಲೆಕ್ಟ್ರಿಕ್ ಗಿಟಾರನ್ನು ಹೆಗಲಿಗೆ ಹಾಕಿಕೊಂಡು, ಬೈಬಲಿನ ನೋಹನ ಕಾಲದ ಮಹಾಮಳೆಯನ್ನು ನೆನೆಯುವ ಭಕ್ತಿಗೀತೆಯನ್ನೇ ಎತ್ತಿಕೊಂಡರು. ಹಾಡಿನ ನಡುವೆ ಅವರು ದನಿ ತಡೆದು ತಂತಿಗಳಿಗೆ ಎಡೆ ಮಾಡಿಕೊಡುವ ಗಳಿಗೆ ಆ ಚಿತ್ರಿಕೆಯಲ್ಲಿ ಉಳಿದಿದೆ. ಎಷ್ಟು ಸಲ ನೋಡಿದರೂ ನನಗೆ ರೋಮಾಂಚನವಾಗುತ್ತದೆ.

ಅವರೇ ಸಿಸ್ಟರ್ ರೊಸೆಟ್ಟಾ ಥಾರ್ಪ್. ಅಮೆರಿಕದ ಅರ್ಕಾನ್ಸಾ ರಾಜ್ಯದ ಕಾಟನ್ ಪ್ಲಾಂಟ್ ಎಂಬ ಊರಿನಲ್ಲಿ 1915ರಲ್ಲಿ ಹುಟ್ಟಿದವರು. ತಾಯಿ ಕೇಟಿ ಬೆಲ್ ನ್ಯೂಬಿನ್ ಊರೂರು ಸುತ್ತುವ ಧರ್ಮಬೋಧಕಿ, ಮ್ಯಾಂಡೊಲಿನ್ ನುಡಿಸುತ್ತಿದ್ದರು. ಅವರು ಸೇರಿದ್ದ ಪಂಥದಲ್ಲಿ ವಾದ್ಯ, ಚಪ್ಪಾಳೆ, ಕುಣಿತ ಎಲ್ಲವೂ ಆರಾಧನೆಯ ಅಂಗವಾಗಿದ್ದವು. ಮಗು ರೊಸೆಟ್ಟಾ ನಾಲ್ಕರ ಪ್ರಾಯದಿಂದಲೇ ಗಿಟಾರ್ ಹಿಡಿದು ಆ ಸಭೆಗಳಲ್ಲಿ ಬೆಳೆದುದರಿಂದ, ಜನರನ್ನು ಕುಳಿತಲ್ಲಿಂದ ಎಬ್ಬಿಸುವ ಲಯ ಅವರಿಗೆ ಪ್ರಾರ್ಥನೆಯೊಡನೆಯೇ ಬಂದಿತು.

1938ರಲ್ಲಿ ಡೆಕ್ಕಾ ಕಂಪನಿಗೆ ಹಾಡಿದ ಮೊದಲ ಮುದ್ರಿಕೆಗಳು ಜನಪ್ರಿಯವಾದವು. ಅದೇ ವರ್ಷ ಅವರು ನ್ಯೂಯಾರ್ಕಿನ ಕಾಟನ್ ಕ್ಲಬ್ ಎಂಬ ನೈಟ್‌ಕ್ಲಬ್ಬಿನಲ್ಲಿಯೂ ಕಾರ್ನೆಗಿ ಹಾಲ್ ಎಂಬ ಸಂಗೀತ ಸಭಾಂಗಣದಲ್ಲಿಯೂ ಹಾಡಿದರು. ದೇವರ ಹಾಡನ್ನು ಮದ್ಯ ಹರಿಯುವ ಕಡೆಗೆ ಒಯ್ದರೆಂದು ಅವರ ಪಂಥದ ಅನೇಕರು ನೊಂದುಕೊಂಡರು. ಆ ನೋವು ಸುಳ್ಳಲ್ಲ; ಆದರೆ ರೊಸೆಟ್ಟಾ ಎರಡು ಲೋಕಗಳಲ್ಲಿ ಯಾವುದನ್ನೂ ಬಿಟ್ಟುಕೊಡಲಿಲ್ಲ ಎಂಬುದನ್ನೇ ನಾನು ಅವರ ದೊಡ್ಡ ಧೈರ್ಯವೆಂದು ಎಣಿಸುತ್ತೇನೆ.

1944ರಲ್ಲಿ ಪಿಯಾನೋ ವಾದಕ ಸ್ಯಾಮಿ ಪ್ರೈಸ್ ಅವರೊಡನೆ ಧ್ವನಿಮುದ್ರಿಸಿದ 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ' ಎಂಬ ಹಾಡು ಮರುವರ್ಷ, ಕಪ್ಪು ಜನರ ಸಂಗೀತಕ್ಕೆಂದೇ ಇದ್ದ ಜನಪ್ರಿಯತೆಯ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಮೊದಲ ರಾಕ್ ಅಂಡ್ ರೋಲ್ ಮುದ್ರಿಕೆ ಇದೇ ಎನ್ನುವವರಿದ್ದಾರೆ. ಆ ವಾದಕ್ಕಿಂತ ನನ್ನ ಕಿವಿಯನ್ನು ಹಿಡಿಯುವುದು, ಹಾಡಿನ ಪ್ರತಿ ಸಾಲಿಗೂ ಗಿಟಾರ್ ಒಂದೊಂದೇ ಸ್ವರವನ್ನು ಖಚಿತವಾಗಿ ಮೀಟಿ ಉತ್ತರ ಕೊಡುವ ಬಗೆ. 1947ರಲ್ಲಿ ಮೇಕನ್ ನಗರದಲ್ಲಿ ಅವರೇ ವೇದಿಕೆಗೆ ಕರೆದು ಹಾಡಿಸಿದ ಹುಡುಗ ಮುಂದೆ ರಾಕ್ ಅಂಡ್ ರೋಲ್ ಗಾಯಕ ಲಿಟ್ಲ್ ರಿಚರ್ಡ್ ಎಂದು ಹೆಸರಾದನು. ಅಮೆರಿಕದ ಹೆಸರಾಂತ ಗಾಯಕ ಜಾನಿ ಕ್ಯಾಶ್, ರೊಸೆಟ್ಟಾ ಅವರನ್ನು ತಮ್ಮ ಮೆಚ್ಚಿನ ಗಾಯಕಿಯೆಂದು ನೆನೆದರು. ಗಂಡಸಿನಂತೆ ನುಡಿಸುತ್ತಾರೆ ಎಂದು ಆ ಕಾಲದವರು ಹೊಗಳುತ್ತಿದ್ದುದುಂಟು. ಆ ಹೊಗಳಿಕೆಯನ್ನು ನಾನು ಒಪ್ಪಲಾರೆ. ತಾಯಿಯ ಜೊತೆಗೆ ಸಭೆಯಿಂದ ಸಭೆಗೆ ತಿರುಗಿ ಪಳಗಿದ ಕೈ ಅದು.

1973ರಲ್ಲಿ ಫಿಲಡೆಲ್ಫಿಯಾದಲ್ಲಿ ಅವರು ತೀರಿಕೊಂಡರು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಸಮಾಧಿಯ ಮೇಲೆ ಹೆಸರು ಕೆತ್ತಿದ ಕಲ್ಲು ಕೂಡ ಇರಲಿಲ್ಲ. ಆ ಸಂಗೀತದ ಸಾಧಕರನ್ನು ಗೌರವಿಸುವ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸಂಸ್ಥೆ ಅವರನ್ನು ಸೇರಿಸಿಕೊಂಡದ್ದು 2018ರಲ್ಲಿ.

ಈಗ 1944ರ ಆ ಮುದ್ರಿಕೆಯನ್ನು ಕೇಳೋಣ. ದನಿ ನಿಂತು ಗಿಟಾರ್ ಏಳುವ ಕಡೆ ದಯವಿಟ್ಟು ಗಮನವಿಡಿ.