ನೇರಳೆ ಜ್ಯೂಸ್‌ಗೆ ಮಿಕ್ಸಿ ಬೇಡ, ಫ್ರೀಜರ್ ಸಾಕು

(ದೃಶ್ಯ: ಬುಟ್ಟಿ ತುಂಬ ನೇರಳೆ ಹಣ್ಣು)

ನಮಸ್ಕಾರ. ಮುಂಗಾರು ಶುರುವಾಗುತ್ತಿದ್ದಂತೆ ತಳ್ಳುಗಾಡಿಗಳಲ್ಲೆಲ್ಲ ನೇರಳೆ ಹಣ್ಣು. ತಿಂದು ಉಳಿದದ್ದನ್ನು ಜ್ಯೂಸ್ ಮಾಡೋಣ ಅಂತ ಬಹಳ ಜನ ಬೀಜದ ಸಮೇತ ಮಿಕ್ಸಿಗೆ ಹಾಕಿಬಿಡುತ್ತಾರೆ. ದಯವಿಟ್ಟು ಬೇಡ. ಬೀಜ ಪುಡಿಯಾದರೆ ಜ್ಯೂಸ್ ಕಹಿಯಾಗುತ್ತದೆ, ಒಗರೂ ಜಾಸ್ತಿ. ಆಮೇಲೆ ಎಷ್ಟು ಸಕ್ಕರೆ ಸುರಿದರೂ ಆ ರುಚಿ ಹೋಗುವುದಿಲ್ಲ.

(ದೃಶ್ಯ: ತೊಳೆದ ಹಣ್ಣು ಡಬ್ಬಿಗೆ)

ಅರ್ಧ ಕೆಜಿ ಹಣ್ಣನ್ನು ತೊಳೆದು, ಒರೆಸಿ, ರಾತ್ರಿ ಫ್ರೀಜರ್‌ನಲ್ಲಿಡಿ. ಹಣ್ಣಿನೊಳಗಿನ ನೀರು ಐಸ್ ಆಗುವಾಗ ಹಿಗ್ಗುತ್ತದೆ. ಅದರ ಹರಳುಗಳು ಒಳಗಿನ ಜೀವಕೋಶಗಳನ್ನು ಸೀಳುತ್ತವೆ. ಬೆಳಗ್ಗೆ ಹೊರಗೆ ತೆಗೆದು ಸುಮ್ನೆ ಬಿಟ್ಟರೆ ಸಾಕು, ಹಣ್ಣು ಮೆತ್ತಗಾಗಿ ತಾನೇ ರಸ ಬಿಡುತ್ತದೆ.

(ದೃಶ್ಯ: ಸ್ಟೀಲ್ ಪಾತ್ರೆಯಲ್ಲಿ ಕೈಯಿಂದ ಕಿವುಚುವುದು, ಹತ್ತಿರದಿಂದ)

ಈಗ ಚಿಟಿಕೆ ಉಪ್ಪು ಹಾಕಿ ಕೈಯಲ್ಲೇ ಕಿವುಚಿ. ಬೀಜ ಒಂದೊಂದೇ ಜಾರಿ ಬರುತ್ತದೆ. ಸಿಪ್ಪೆಯನ್ನು ಮಾತ್ರ ಎಸೆಯಬೇಡಿ, ಬಣ್ಣ ಹೆಚ್ಚಾಗಿರುವುದು ಅದರಲ್ಲೇ. ಸಿಪ್ಪೆಗೆ ಅರ್ಧ ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಐದು ನಿಮಿಷ ಬಿಸಿ ಮಾಡಿ. ಕುದಿಸಬೇಡಿ. ನೀರು ಹೇಗೆ ಗಾಢ ನೇರಳೆ ಬಣ್ಣಕ್ಕೆ ತಿರುಗುತ್ತದೆ ನೋಡಿ! ಅದನ್ನೂ ರಸಕ್ಕೇ ಸೇರಿಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ರಸಕ್ಕೆ ಅದು ಒಗ್ಗುವುದಿಲ್ಲ.

(ದೃಶ್ಯ: ಬಟ್ಟೆಯ ಗಂಟಿನಿಂದ ರಸ ತೊಟ್ಟಿಕ್ಕುವುದು)

ತೆಳುವಾದ ಹಳೇ ಕಾಟನ್ ಬಟ್ಟೆಯಲ್ಲಿ ಸುರಿದು, ಗಂಟು ಕಟ್ಟಿ, ಪಾತ್ರೆಯ ಮೇಲೆ ತೂಗುಹಾಕಿ. ತಿಳಿ ರಸ ಬೇಕಾದರೆ ಹಿಂಡಬೇಡಿ. ಮನೆಯವರೇ ಕುಡಿಯುವುದಾದರೆ ಧಾರಾಳವಾಗಿ ಹಿಂಡಿ. ತಿರುಳು ಸೇರಿದ ಮಂದ ಜ್ಯೂಸೇ ನನಗೆ ಇಷ್ಟ.

(ದೃಶ್ಯ: ಲೋಟಕ್ಕೆ ನಿಂಬೆ ರಸ)

ಇದು ನೋಡಲೇಬೇಕು. ನಿಂಬೆ ಹಿಂಡಿದ ಕೂಡಲೇ ಬಣ್ಣ ಕೆಂಪಿಗೆ ತಿರುಗಿತು, ಅಲ್ವಾ? ಸಿಪ್ಪೆಯಲ್ಲಿರುವ ಆಂಥೋಸಯಾನಿನ್ ಎಂಬ ಬಣ್ಣದ ಅಂಶ ಹುಳಿ ತಾಗಿದರೆ ಕೆಂಪಾಗುತ್ತದೆ. ಸೋಪು ತಾಗಿದರೆ ನೀಲಿ! ಬಟ್ಟೆ ಮೇಲಿನ ನೇರಳೆ ಕಲೆ ಒಗೆಯುವಾಗ ನೀಲಿಯಾಗುವುದು ಇದಕ್ಕೇ.

ಇನ್ನು ಸ್ಟ್ರಾಬೆರಿಗೆ ಇಷ್ಟೆಲ್ಲ ಬೇಕಿಲ್ಲ. ಹೆಚ್ಚಿ, ಸಕ್ಕರೆ ಉದುರಿಸಿ ಒಂದೆರಡು ಗಂಟೆ ಮುಚ್ಚಿಡಿ. ಸಕ್ಕರೆಯೇ ರಸವನ್ನು ಹೊರಗೆ ಎಳೆಯುತ್ತದೆ. ಹಿಪ್ಪುನೇರಳೆ ಹಣ್ಣು ಸಿಕ್ಕರೆ ತೊಟ್ಟು ಕಿತ್ತು, ಕಿವುಚಿ, ಸೋಸಿದರೆ ಮುಗಿಯಿತು.

ಸೋಸಿದ ರಸವನ್ನು ಫ್ರಿಜ್‌ನಲ್ಲಿಟ್ಟು ಎರಡು ದಿನದೊಳಗೆ ಕುಡಿದುಬಿಡಿ. ಮಿಕ್ಕಿದ್ದನ್ನು ಐಸ್ ಟ್ರೇಗೆ ಸುರಿದು ಫ್ರೀಜರ್‌ನಲ್ಲಿಡಿ. ಬೇಕಾದಾಗ ಎರಡು ತುಂಡು ಲೋಟಕ್ಕೆ ಹಾಕಿ, ತಣ್ಣೀರು, ಹುರಿದ ಜೀರಿಗೆ ಪುಡಿ, ಚೂರು ಬೆಲ್ಲ ಬೆರೆಸಿ ಕುಡಿಯಿರಿ.