ಹಳೇ ಕಾರು: ಓಡ್ತಿರೋವಾಗ್ಲೇ ಕೊಟ್ಬಿಡಿ

ಶ್ರೋತೃಗಳಿಗೆಲ್ಲಾ ನಮಸ್ಕಾರ. ನಾನು ಮೈಸೂರಲ್ಲಿ 31 ವರ್ಷದಿಂದ ಗ್ಯಾರೇಜ್ ನಡೆಸ್ತಿದೀನಿ. ಹಳೇ ಕಾರನ್ನ ಗುಜರಿಗೆ ಹಾಕೋವಾಗ ನಾಲ್ಕು ಕಾಸು ಜಾಸ್ತಿ ಬರೋ ಹಂಗೆ ಏನ್ ಮಾಡ್ಬೇಕು, ಅದನ್ನ ಹೇಳಿ ಅಂತ ಇಲ್ಲಿಗೆ ಕರೆದಿದ್ದಾರೆ, ಹತ್ತು ನಿಮಿಷ ಕೊಟ್ಟಿದ್ದಾರೆ. ನನ್ನ ಹತ್ರ ಇರೋದು ಒಂದೇ ಮಾತು, ಅದನ್ನ ಮೊದ್ಲೇ ಹೇಳ್ಬಿಡ್ತೀನಿ, ಮಧ್ಯದಲ್ಲಿ ಯಾರಾದ್ರೂ ಒಲೆ ಮೇಲಿನ ಹಾಲು ನೋಡಕ್ಕೆ ಎದ್ದು ಹೋದ್ರೂ ನಷ್ಟ ಆಗಬಾರ್ದು. ಗಾಡಿ ಓಡ್ತಿರೋವಾಗ್ಲೇ ಕೊಟ್ಬಿಡಿ. ನಿಲ್ಲಿಸಿ ಕೊಳೆಸ್ಬೇಡಿ.

ನಮ್ಮೂರಲ್ಲಿ ಯಾವ ಬಡಾವಣೆಗೆ ಬೇಕಾದ್ರೂ ಹೋಗಿ, ಕುವೆಂಪುನಗರ ಇರಬಹುದು ಸರಸ್ವತಿಪುರಂ ಇರಬಹುದು, ಬೀದಿಗೊಂದು ಕಾರು ಮರದ ಕೆಳಗೆ ಟಾರ್ಪಾಲು ಹೊದ್ಕೊಂಡು ನಿಂತಿರುತ್ತೆ. ಟಯರ್ ನೆಲಕ್ಕೆ ಅಂಟ್ಕೊಂಡಿರುತ್ತೆ, ಮೇಲೆ ಎಲೆ, ಪಕ್ಷಿ ಹಿಕ್ಕೆ. ಮನೆಯೋರನ್ನ ಕೇಳಿದ್ರೆ, ಕೊಡ್ಬೇಕು ಸಾರ್, ಒಳ್ಳೆ ರೇಟ್ ಬರ್ಲಿ ಅಂತ ಕಾಯ್ತಿದೀವಿ ಅಂತಾರೆ. ಏನ್ ರೇಟ್ ಬರುತ್ತೆ? ಚಿನ್ನ ಇಟ್ಕೊಂಡು ಕಾದ್ರೆ ಒಂದರ್ಥ ಇದೆ. ಕಾರು ರಸಬಾಳೆ ಚಿಪ್ಪು ಇದ್ದಂಗೆ, ಇಟ್ಟಷ್ಟೂ ಕಪ್ಪಾಗುತ್ತೆ.

ಒಂದು ಗಾಡಿ ಕತೆ ಹೇಳ್ತೀನಿ, ಸ್ವಲ್ಪ ಉದ್ದ ಇದೆ, ಆದ್ರೆ ಇದರೊಳಗೆ ಎಲ್ಲಾ ಇದೆ.

ನಮ್ಮ ಗ್ಯಾರೇಜ್ ಹಿಂದಿನ ಬೀದೀಲಿ ಒಬ್ರು ರಿಟೈರ್ಡ್ ಹೆಡ್‌ಮೇಷ್ಟ್ರು ಇದಾರೆ. ಅವರದ್ದು 2005ರ ಮಾರುತಿ 800, ಬಿಳಿ ಬಣ್ಣ, ಸಿಂಗಲ್ ಓನರ್, ಬರೀ 62,000 ಕಿಲೋಮೀಟರ್ ಓಡಿದ್ದು. ಸರ್ವಿಸ್ ಎಲ್ಲಾ ನನ್ನ ಹತ್ರಾನೇ, ಆಯಿಲ್ ಬದಲಾಯಿಸಿದ ತಾರೀಕನ್ನ ಒಂದು ಪುಟ್ಟ ಡೈರೀಲಿ ಬರೆದಿಡೋರು, ಅಂಥಾ ಶಿಸ್ತಿನ ಮನುಷ್ಯ. 2019ರಲ್ಲಿ ಹುಣಸೂರು ಕಡೆಯೋರೊಬ್ರು ಮಗ ಡ್ರೈವಿಂಗ್ ಕಲೀಲಿ ಅಂತ ಅದನ್ನ 42,000ಕ್ಕೆ ಕೇಳಿದ್ರು, ನಾನೇ ಅವರನ್ನ ಮನೆ ತನಕ ಕರ್ಕೊಂಡು ಹೋಗಿದ್ದೆ. ಮೇಷ್ಟ್ರು ಕೊಡ್ಲಿಲ್ಲ. ನೋಡಪ್ಪಾ, ಮಗಳನ್ನ ಬಾಣಂತನಕ್ಕೆ ಕರ್ಕೊಂಡು ಬಂದಿದ್ದು ಇದೇ ಗಾಡೀಲಿ, ಇರ್ಲಿ ಬಿಡು ಅಂದ್ರು. ಅಂಥಾ ಮಾತಿಗೆ ನಾನೇನ್ ಹೇಳ್ಲಿ, ಕಾಫಿ ಕುಡ್ಕೊಂಡು ವಾಪಸ್ ಬಂದ್ವಿ.

2020ರ ಮಾರ್ಚಲ್ಲಿ ಲಾಕ್‌ಡೌನ್ ಆಯ್ತಲ್ಲ, ಆಗ ಗಾಡೀನ ಕಾಂಪೌಂಡ್ ಪಕ್ಕ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದು, ಮೇಲೆ ಟಾರ್ಪಾಲು ಹೊದಿಸಿದ್ರು. ಅಷ್ಟೇ. ಮರುವರ್ಷ ಹೊಸಾ ಕಾರು ಬಂತು, ಹಳೇದು ಅಲ್ಲೇ ಉಳೀತು. 2024ರ ದಸರಾ ಮುಗಿದ ಮೇಲೆ ನನಗೆ ಫೋನ್, ಗುಜರಿಯೋನು ಬಂದಿದಾನೆ ಒಂಚೂರು ಬಂದು ಹೋಗಪ್ಪಾ ಅಂತ.

ಹೋದೆ. ಟಾರ್ಪಾಲು ತೆಗೆದ್ವಿ. ಬಾನೆಟ್ ಕೇಬಲ್ ಹಿಡ್ಕೊಂಡಿತ್ತು, ಸ್ಕ್ರೂಡ್ರೈವರ್ ಹಾಕಿ ಮೀಟಿ ತೆಗೆದ್ರೆ ಒಳಗೆ ಇಂಜಿನ್ ಮೇಲೆ ತೆಂಗಿನ ನಾರು, ಹರಿದ ಪೇಪರು, ಬಟ್ಟೆ ಚೂರು ಎಲ್ಲಾ ಸೇರಿಸಿ ಇಲಿ ಗೂಡು ಕಟ್ಟಿದೆ, ವೈರಿಂಗ್ ಸಿಪ್ಪೆ ಎಲ್ಲಾ ಕಡಿದು ಬರೀ ತಾಮ್ರದ ಎಳೆ ಕಾಣ್ತಿದೆ. ಬ್ಯಾಟರಿ ಟರ್ಮಿನಲ್ ಮೇಲೆ ಬಿಳೀ ಹಸಿರು ಪುಡಿ ಮೂಡಿ, ಹೊಟ್ಟೆ ಉಬ್ಕೊಂಡಿದೆ. ಡ್ರೈವರ್ ಕಾಲಿನ ಹತ್ರ ಮ್ಯಾಟ್ ಎತ್ತಿದೆ, ಅಂಗೈ ಅಗಲದ ತೂತು, ಕೆಳಗಿನ ಗರಿಕೆ ಹುಲ್ಲು ಕಾಣಿಸ್ತು. ಮಳೆ ನೀರು ಬಾಗಿಲಿನ ಬೀಡಿಂಗ್ ಸಂದೀಲಿ ಇಳಿದು ಮ್ಯಾಟ್ ಕೆಳಗೆ ಐದು ಮಳೆಗಾಲ ನಿಂತಿದೆ, ತಗಡು ಏನಾಗ್ಬೇಕು ಪಾಪ. ತಳ್ಳಿ ನೋಡೋಣ ಅಂದ್ರೆ ಹಿಂದಿನ ಚಕ್ರ ತಿರುಗ್ತಾನೇ ಇಲ್ಲ, ಹ್ಯಾಂಡ್‌ಬ್ರೇಕ್ ಲೈನರ್ ಡ್ರಮ್ಮಿಗೆ ತುಕ್ಕು ಹಿಡ್ಕೊಂಡು ಒಂದಾಗಿಬಿಟ್ಟಿದೆ.

ಈಗ ಗುಜರಿಯೋನು ಏನ್ ಮಾಡಿದ ಗೊತ್ತಾ? ಇದನ್ನ ಗಮನ ಇಟ್ಟು ಕೇಳಿ. ಬಾನೆಟ್ ನೋಡ್ಲಿಲ್ಲ, ಸೀಟ್ ನೋಡ್ಲಿಲ್ಲ. ನೆಲಕ್ಕೆ ಅಂಗೈ ಊರಿ ಬಗ್ಗಿ, ಸೈಲೆನ್ಸರ್ ಪೈಪಿನ ಜಾಡು ಹಿಡ್ಕೊಂಡು ಹೋಗಿ, ಮಧ್ಯದಲ್ಲಿರೋ ಡಬ್ಬೀನ ಬೆರಳಲ್ಲಿ ಟಕಟಕ ಅಂತ ಬಡಿದು ನೋಡ್ದ. ಎದ್ದು ಕೈ ಒರೆಸ್ಕೊಂಡು, ಹೆಣ ಸಾರ್ ಇದು, 11,000 ಕೊಡ್ತೀನಿ ಅಂದ.

ಆ ಡಬ್ಬಿ ಅಂದ್ರೆ ಕ್ಯಾಟಲಿಟಿಕ್ ಕನ್ವರ್ಟರ್. ಹೊಗೆ ಶುದ್ಧ ಮಾಡೋದು. ಒಳಗೆ ಜೇನುಗೂಡಿನ ಥರ ಸಣ್ಣ ಸಣ್ಣ ಕಣ್ಣಿರೋ ಒಂದು ಪಿಂಗಾಣಿ ಅಚ್ಚು ಇರುತ್ತೆ, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಎಲ್ಲಾ ಬೆಲೆಬಾಳೋ ಲೋಹ. ಮೇಷ್ಟ್ರಿಗೆ ತಮ್ಮ ಗಾಡೀಲಿ ಅಂಥದ್ದು ಇದೆ ಅಂತಾನೇ 19 ವರ್ಷ ಗೊತ್ತಿರ್ಲಿಲ್ಲ, ಗುಜರಿಯೋನಿಗೆ ಒಂದೇ ನಿಮಿಷದಲ್ಲಿ ಗೊತ್ತಾಯ್ತು.

ನಾನು ಮೇಷ್ಟ್ರನ್ನ ಪಕ್ಕಕ್ಕೆ ಕರ್ದು, ಆರ್‌ಸಿ ತಗೊಂಡು ಬನ್ನಿ ಅಂದೆ. ಆರ್‌ಸೀಲಿ ಅನ್‌ಲೇಡನ್ ವೇಟ್ ಅಂತ ಒಂದು ಕಾಲಂ ಇರುತ್ತೆ, ಖಾಲಿ ಗಾಡಿ ತೂಕ. ಮಾರುತಿ 800 ಗಾಡಿ ಅಂದ್ರೆ ಹೆಚ್ಚುಕಮ್ಮಿ 650 ಕೆಜಿ. ಕೆಜಿಗೆ 25 ರೂಪಾಯಿ ಅಂತ ಇಟ್ಕೊಂಡ್ರೂ 16,250 ಆಯ್ತು, ಇನ್ನೂ ಬ್ಯಾಟರಿಯ ಸೀಸ, ಇಂಜಿನ್ನಿನ ಅಲ್ಯುಮಿನಿಯಂ, ಸ್ಟಾರ್ಟರ್ ಮೋಟರಿನ ತಾಮ್ರ, ಆ ಡಬ್ಬಿ ಯಾವುದನ್ನೂ ಲೆಕ್ಕಕ್ಕೇ ಹಿಡಿದಿಲ್ಲ. ಕಣ್ಣಂದಾಜಲ್ಲಿ ಕೊಡ್ಬೇಡಿ ಮೇಷ್ಟ್ರೇ ಅಂದೆ. ಕೊನೆಗೆ ಸರ್ಕಾರದ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಬರೆದ್ವಿ, ಅವರೇ ಲಾರಿ ತಂದು ಎತ್ಕೊಂಡು ಹೋದ್ರು, 17,500 ಬ್ಯಾಂಕಿಗೆ ಬಂತು.

ಪರವಾಗಿಲ್ವಲ್ಲ ಅಂತೀರಾ? ನನಗೆ ಹೊಟ್ಟೆ ಉರಿಯೋದು ಇಲ್ಲೇ. 42,000ದ ಗಾಡಿ ಅದು! ನಾಲ್ಕೂವರೆ ವರ್ಷ ಸುಮ್ನೆ ನಿಂತು 17,500 ಆಯ್ತು. ಯಾರೂ ಕದೀಲಿಲ್ಲ, ಯಾರೂ ಗುದ್ದಲಿಲ್ಲ, ನಿಂತೇ ಕರಗಿದ್ದು.

ಇಷ್ಟಕ್ಕೇ ಮುಗೀಲಿಲ್ಲ. ಮೇಷ್ಟ್ರು ಪ್ರತಿ ವರ್ಷ ತಪ್ಪದೆ ಫುಲ್ ಇನ್ಶೂರೆನ್ಸ್ ಕಟ್ಟೋರು, ಒಂದೇ ಒಂದು ಕ್ಲೇಮ್ ಇಲ್ಲ, ನೋ ಕ್ಲೇಮ್ ಬೋನಸ್, ಅಂದ್ರೆ ಕ್ಲೇಮ್ ಮಾಡದೋರಿಗೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ, 50 ಪರ್ಸೆಂಟ್‌ಗೆ ಹೋಗಿ ಕೂತಿತ್ತು. ಈ ಬೋನಸ್ ಇದೆಯಲ್ಲ, ಅದು ಕಾರಿಂದಲ್ಲ, ಮಾಲೀಕರದ್ದು. ಹಳೇ ಗಾಡಿ ಕೊಟ್ಟಾಗ ಇನ್ಶೂರೆನ್ಸ್ ಕಂಪನಿಯಿಂದ ಒಂದು ಪತ್ರ ತಗೊಂಡ್ರೆ ಮೂರು ವರ್ಷದೊಳಗೆ ಹೊಸಾ ಕಾರಿಗೆ ಹಾಕ್ಕೋಬಹುದು. ಆದ್ರೆ ನಿಂತ ಗಾಡಿಗೆ ಯಾಕೆ ಇನ್ಶೂರೆನ್ಸ್ ಅಂತ 2020ರಲ್ಲಿ ಬಿಟ್ಬಿಟ್ರು. ಪಾಲಿಸಿ ಮುಗಿದು 90 ದಿನ ದಾಟಿದ್ರೆ ಬೋನಸ್ ಸೊನ್ನೆ. 2021ರಲ್ಲಿ ಹೊಸಾ ಕಾರಿಗೆ ಓನ್ ಡ್ಯಾಮೇಜ್ ಪ್ರೀಮಿಯಂ, ಅಂದ್ರೆ ನಮ್ಮ ಗಾಡಿಗೇ ಆಗೋ ಹಾನಿಗೆ ಕಟ್ಟೋ ಭಾಗ, 15,000 ಚಿಲ್ಲರೆ ಪೂರ್ತಿ ಕಟ್ಟಿದ್ರು. ಅರ್ಧ ಉಳೀತಿತ್ತು. ಹಳೇ ಗಾಡೀನ ಓಡ್ತಿರೋವಾಗ ಕೊಟ್ಟು ಪತ್ರ ಇಸ್ಕೊಂಡಿದ್ರೆ ಸಾಕಿತ್ತು.

ಅದಕ್ಕೇ ಮತ್ತೆ ಮತ್ತೆ ಹೇಳೋದು, ಓಡ್ತಿರೋವಾಗ್ಲೇ ಕೊಡಿ. ಓಡೋ ಗಾಡಿಗೆ ಗಿರಾಕಿ ಸಿಗ್ತಾನೆ, ಗಿರಾಕಿ ಸಿಗದಿದ್ರೂ ನೀವೇ ಓಡಿಸ್ಕೊಂಡು ಹೋಗಿ ಸ್ಕ್ರ್ಯಾಪ್ ಕೇಂದ್ರದಲ್ಲಿ ನಿಲ್ಲಿಸಬಹುದು, ಟೋ ಮಾಡಿಸೋ ಖರ್ಚಿಲ್ಲ, ಬ್ಯಾಟರಿ ಜೀವಂತ ಇರುತ್ತೆ, ಟಯರಿಗೂ ಬೆಲೆ ಇರುತ್ತೆ.

ಟೈಮ್ ನೋಡ್ಕೊಳ್ಳಿ ಅಂತ ಗಾಜಿನ ಆ ಕಡೆಯಿಂದ ಕೈ ತೋರಿಸ್ತಿದಾರೆ, ಬೇಗ ಬೇಗ ಹೇಳ್ತೀನಿ.

ವಾಟ್ಸಾಪಲ್ಲಿ ಬರುತ್ತಲ್ಲ, 15 ವರ್ಷ ಆದ್ರೆ ಗಾಡಿ ಕಿತ್ಕೊಂಡು ಹೋಗ್ತಾರೆ ಅಂತ, ಆ ಮಾತು ನಮ್ಮ ರಾಜ್ಯದ ಸ್ವಂತ ಕಾರಿಗೆ ಅನ್ವಯಿಸಲ್ಲ, ದಯವಿಟ್ಟು ಫಾರ್ವರ್ಡ್ ಮಾಡ್ಬೇಡಿ. ಗಾಡಿ ಚೆನ್ನಾಗಿದ್ರೆ ಫಿಟ್‌ನೆಸ್ ತೋರಿಸಿ ಐದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸ್ಕೋಬಹುದು. ಆದ್ರೆ ಫೀಸು ಮೊದ್ಲಿನ ಥರ ಇಲ್ಲ, 600 ಇದ್ದದ್ದು 2022ರ ಏಪ್ರಿಲ್‌ನಿಂದ 5,000, ಗಾಡಿಗೆ 20 ವರ್ಷ ದಾಟಿದ್ರೆ 2025ರ ಆಗಸ್ಟ್‌ನಿಂದ 10,000. ಹಂಗಾಗಿ ಆರ್‌ಸಿ ಮುಗಿಯೋಕೆ ಆರು ತಿಂಗಳು ಮುಂಚೇನೇ ಇಟ್ಕೊಳ್ಳೋದಾ ಕೊಡೋದಾ ಅಂತ ಮನೇಲಿ ಕೂತು ತೀರ್ಮಾನ ಮಾಡಿ.

ಕೊಡೋದಾದ್ರೆ ಸರ್ಕಾರದ ಪರಿವಾಹನ್ ವೆಬ್‌ಸೈಟಲ್ಲಿ ವಿ-ಸ್ಕ್ರ್ಯಾಪ್ ಅಂತ ಇದೆ, ನೋಂದಾಯಿತ ಕೇಂದ್ರಗಳ ಪಟ್ಟಿ ಅಲ್ಲೇ ಸಿಗುತ್ತೆ. ಎರಡು ಮೂರು ಕಡೆ ರೇಟ್ ಕೇಳಿ. ಅಲ್ಲಿ ಗಾಡಿ ಕೊಟ್ರೆ ಸರ್ಟಿಫಿಕೇಟ್ ಆಫ್ ಡೆಪಾಸಿಟ್ ಅಂತ, ಗಾಡಿ ಒಪ್ಪಿಸಿದ್ದಕ್ಕೆ ಒಂದು ಪತ್ರ ಕೊಡ್ತಾರೆ, ಕಬ್ಬಿಣದ ದುಡ್ಡಿನಷ್ಟೇ ಬೆಲೆ ಆ ಕಾಗದಕ್ಕೂ ಇದೆ. ಹೊಸಾ ಕಾರು ತಗೊಳ್ಳೋವಾಗ ರಿಜಿಸ್ಟ್ರೇಷನ್ ಫೀಸ್ ಮಾಫಿ, ರಸ್ತೆ ತೆರಿಗೇಲಿ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಸ್ವಂತ ಗಾಡಿಗೆ 25 ಪರ್ಸೆಂಟ್ ತನಕ ರಿಯಾಯಿತಿ ಕೊಡೋಕೆ ಅವಕಾಶ ಇದೆ, ನಿಮ್ಮ ಗಾಡಿಗೆ ಎಷ್ಟು ಅಂತ ಆರ್‌ಟಿಓದಲ್ಲಿ ಕೇಳ್ಕೊಳ್ಳಿ, ಶೋರೂಮಿನೋರ ಹತ್ರಾನೂ ಸ್ಕ್ರ್ಯಾಪ್ ಡಿಸ್ಕೌಂಟ್ ಇದೆಯಾ ಅಂತ ಬಾಯ್ಬಿಟ್ಟು ಕೇಳಿ, ಕೇಳದಿದ್ರೆ ಅವರಾಗೇ ಹೇಳಲ್ಲ. ನಿಮಗೆ ಹೊಸಾ ಕಾರು ಬೇಡ ಅಂದ್ರೆ ಆ ಸರ್ಟಿಫಿಕೇಟನ್ನ ಬೇರೆಯೋರಿಗೆ ಮಾರಲೂಬಹುದು. ಬೀದಿ ಗುಜರೀಲಿ ಈ ಕಾಗದ ಸಿಗಲ್ಲ, ಆರ್‌ಸಿ ನಿಮ್ಮ ಹೆಸರಲ್ಲೇ ಉಳೀತದೆ, ನಾಳೆ ಅದೇ ನಂಬರ್ ಪ್ಲೇಟ್ ಎಲ್ಲಾದ್ರೂ ಓಡಾಡಿದ್ರೆ ನೋಟಿಸು ನಿಮ್ಮ ಮನೆಗೇ.

ಇನ್ನೊಂದು, ಗಾಡಿ ಕೊಡೋ ಮುಂಚೆ ಬುದ್ಧಿವಂತಿಕೆ ಅಂತ ಬ್ಯಾಟರಿ ಒಂದು ಕಡೆ, ಟಯರ್ ಒಂದು ಕಡೆ ಬಿಚ್ಚಿ ಮಾರ್ಬೇಡಿ. ಕೇಂದ್ರದೋರು ಪೂರ್ತಿ ಗಾಡಿಗೆ ರೇಟ್ ಹೇಳಿರ್ತಾರೆ, ಕನ್ವರ್ಟರ್ ಇಲ್ಲ, ಸ್ಟೆಪ್ನಿ ಇಲ್ಲ ಅಂತ ಒಂದೊಂದಕ್ಕೂ ಕಡಿತ ಮಾಡ್ತಾರೆ. ಬಿಚ್ಚೋದಿದ್ರೆ ಮೊದ್ಲು ಅವರನ್ನ ಕೇಳಿ. ಬ್ಯಾಂಕ್ ಸಾಲ ತೀರಿದ್ರೂ ಆರ್‌ಸೀಲಿ ಬ್ಯಾಂಕಿನ ಹೆಸರು ಹಂಗೇ ಇರುತ್ತೆ ಬಹಳ ಜನಕ್ಕೆ, ಬ್ಯಾಂಕಿಂದ ಎನ್‌ಓಸಿ, ಅಂದ್ರೆ ನಮ್ಮ ಅಭ್ಯಂತರ ಇಲ್ಲ ಅನ್ನೋ ಪತ್ರ, ತಂದು ತೆಗೆಸಿ, ಅದಿಲ್ದೆ ಯಾವ ಕೇಂದ್ರದೋರೂ ಗಾಡಿ ಮುಟ್ಟಲ್ಲ. ಫಾಸ್ಟ್ಯಾಗ್ ಕ್ಲೋಸ್ ಮಾಡಿಸಿ ಬಾಕಿ ದುಡ್ಡು, ಡೆಪಾಸಿಟ್ ವಾಪಸ್ ತಗೊಳ್ಳಿ. ಡ್ಯಾಶ್‌ಬೋರ್ಡ್ ಖಾನೆ, ಸೀಟಿನ ಕೆಳಗೆ ಒಂದು ಸಲ ಕೈಯಾಡಿಸಿ ನೋಡಿ, ಮೇಷ್ಟ್ರ ಗಾಡೀಲಿ ಆ ಆಯಿಲ್ ಡೈರಿ ಅಲ್ಲೇ ಇತ್ತು, ಕೊನೇ ಸಾಲು ನನ್ನ ಕೈಬರಹದಲ್ಲೇ, 2020ರ ಫೆಬ್ರವರಿ. ಹಾಂ, ಎಲ್‌ಪಿಜಿ ಕಿಟ್ ಹಾಕಿಸಿರೋ ಗಾಡಿ ಆದ್ರೆ ಸಿಲಿಂಡರ್ ಇದೆ ಅಂತ ಫೋನಲ್ಲೇ ಹೇಳ್ಬಿಡಿ, ಕಟ್ಟರ್ ಇಡೋ ಮೊದ್ಲು ಅದನ್ನ ಇಳಿಸ್ಕೋಬೇಕು. ನಮಸ್ಕಾರ.