ಪಣಂಬೂರಿಗೆ ಬರುವ ಅನಿಲದ ಹಡಗುಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ದೇಶದ ಅಡುಗೆಮನೆಗಳಲ್ಲಿ ಉರಿಯುವ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಡಗಿನಲ್ಲಿ ಬಂದದ್ದು. ಕತಾರ್, ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯಾ, ಕುವೈತ್, ಬಹುತೇಕ ಈ ನಾಲ್ಕು ಕಡೆಯಿಂದ. ಅಲ್ಲಿಂದ ಹೊರಟ ಹಡಗು ಹಾರ್ಮುಜ್ ಜಲಸಂಧಿ ದಾಟಿ, ಅರಬ್ಬಿ ಸಮುದ್ರ ಹಾದು, ನಾಲ್ಕೈದು ದಿನಗಳಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದು ಸೇರುತ್ತದೆ. ಮಂಗಳೂರಿನ ಪಣಂಬೂರಿನಲ್ಲಿರುವ ನವಮಂಗಳೂರು ಬಂದರು ಇಂಥ ಹಡಗುಗಳಿಗೆ ಹಳೆಯ ಪರಿಚಯದ ಜಾಗ.

ಈ ಹಡಗುಗಳಲ್ಲಿ ಗ್ಯಾಸ್ ಎಂಜಿನಿಯರ್ ಆಗಿ ಕೆಲಸ ಮಾಡಿದವನು ನಾನು. ರಜೆಗೆ ಊರಿಗೆ ಬಂದಾಗಲೆಲ್ಲ ನೆಂಟರಿಷ್ಟರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಅಷ್ಟೊಂದು ಗ್ಯಾಸಿನ ಮೇಲೆ ಮಲಗಿದರೆ ನಿದ್ದೆ ಹೇಗೆ ಬರುತ್ತದೋ ಮಾರಾಯ?" ಆ ಪ್ರಶ್ನೆಗೆ ಇವತ್ತು ಸ್ವಲ್ಪ ವಿವರವಾಗಿಯೇ ಉತ್ತರ ಹೇಳುತ್ತೇನೆ.

ಅಡುಗೆ ಅನಿಲ ಅಂದರೆ ಪ್ರೊಪೇನ್ ಮತ್ತು ಬ್ಯುಟೇನ್. ಅನಿಲವಾಗಿಯೇ ಸಾಗಿಸಲು ಹೊರಟರೆ ಎಷ್ಟು ದೊಡ್ಡ ಹಡಗಿದ್ದರೂ ಸಾಲದು. ದ್ರವ ಮಾಡಿದರೆ ಅದು ಹಿಡಿಯುವ ಜಾಗ ಸುಮಾರು 250 ಪಟ್ಟು ಕುಗ್ಗುತ್ತದೆ. ದ್ರವ ಮಾಡಲು ಇರುವ ದಾರಿ ಎರಡು, ಒತ್ತಡ ಹಾಕುವುದು ಅಥವಾ ತಣ್ಣಗೆ ಮಾಡುವುದು. ನಿಮ್ಮ ಮನೆಯ ಸಿಲಿಂಡರು ಒತ್ತಡದ ದಾರಿ ಹಿಡಿದದ್ದು. ಸಣ್ಣ ಹಡಗುಗಳೂ ಹಾಗೆಯೇ, ದಪ್ಪ ಉಕ್ಕಿನ ಉರುಳೆಯಾಕಾರದ ಟ್ಯಾಂಕುಗಳಲ್ಲಿ ಒತ್ತಿ ತುಂಬಿಕೊಂಡು ಹೋಗುತ್ತವೆ. ಆದರೆ ಒತ್ತಡ ತಡೆಯುವ ಉಕ್ಕು ವಿಪರೀತ ಭಾರ. ಟ್ಯಾಂಕು ದೊಡ್ಡದಾದಷ್ಟೂ ಅದರ ಗೋಡೆಯನ್ನು ದಪ್ಪ ಮಾಡುತ್ತಲೇ ಹೋಗಬೇಕು. ಹಾಗಾಗಿ ದೊಡ್ಡ ಹಡಗುಗಳು ಎರಡನೆಯ ದಾರಿ ಹಿಡಿದವು. ಪ್ರೊಪೇನನ್ನು ಸೊನ್ನೆಗಿಂತ 42 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಸಿಬಿಟ್ಟರೆ ಒತ್ತಡವೇ ಬೇಕಿಲ್ಲ, ಅದು ನೀರಿನ ಹಾಗೆ ಸುಮ್ಮನೆ ನಿಲ್ಲುತ್ತದೆ. 1962ರಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಕಟ್ಟಿದ ಬ್ರಿಜ್‌ಸ್ಟೋನ್ ಮಾರು ಈ ಬಗೆಯ ಹಡಗುಗಳಲ್ಲಿ ಮೊದಲಿನದು. ಇಂದಿನ ದೊಡ್ಡ ಹಡಗುಗಳು ಸುಮಾರು 225 ಮೀಟರ್ ಉದ್ದ ಇರುತ್ತವೆ, 80,000 ಘನ ಮೀಟರಿಗೂ ಹೆಚ್ಚು ದ್ರವ ಹಿಡಿಯುತ್ತವೆ. ಒಂದು ಹಡಗಿನಲ್ಲಿ 45,000 ಟನ್ ಬಂತು ಅಂದುಕೊಳ್ಳಿ. 14.2 ಕಿಲೋ ಸಿಲಿಂಡರಿನ ಲೆಕ್ಕದಲ್ಲಿ ಅದು 31 ಲಕ್ಷ ಸಿಲಿಂಡರು ದಾಟುತ್ತದೆ.

ಈ ಟ್ಯಾಂಕು ಹಡಗಿನ ಮೈಯ ಭಾಗವಲ್ಲ. ಹಡಗಿನ ಒಡಲೊಳಗೆ ಬೇರೆಯಾಗಿಯೇ ಕೂತಿರುತ್ತದೆ. ತಣ್ಣಗಾದಾಗ ಉಕ್ಕು ಕುಗ್ಗುತ್ತದಲ್ಲ, ಟ್ಯಾಂಕನ್ನು ಹಡಗಿಗೆ ಬೆಸುಗೆ ಹಾಕಿಬಿಟ್ಟರೆ ಎರಡರಲ್ಲೊಂದು ಬಿರಿಯುತ್ತದೆ. ಅದಕ್ಕೇ ಟ್ಯಾಂಕಿನ ಕೆಳಗೆ ಗಟ್ಟಿ ಮರದ ದಿಮ್ಮಿಗಳನ್ನು ಕೊಟ್ಟು, ಅದು ಕುಗ್ಗಲೂ ಹಿಗ್ಗಲೂ ಜಾಗ ಬಿಟ್ಟು ಕೂರಿಸುತ್ತಾರೆ. ಇಷ್ಟು ಆಧುನಿಕ ಹಡಗಿನಲ್ಲಿ ಇಷ್ಟು ದೊಡ್ಡ ಭಾರವನ್ನು ಮರ ಹೊತ್ತಿದೆ ಎಂದು ಮೊದಲ ಸಲ ಬ್ಯಾಟರಿ ಬೆಳಕಿನಲ್ಲಿ ನೋಡಿದಾಗ ನನಗೆ ನಂಬಲಾಗಲಿಲ್ಲ. ಟ್ಯಾಂಕಿನ ಸುತ್ತ ಶಾಖ ತಡೆಯುವ ಫೋಮ್ ಹೊದಿಕೆ. ಅದರಾಚೆಯ ಖಾಲಿ ಜಾಗದಲ್ಲಿ ಗಾಳಿಯ ಬದಲು ಜಡ ಅನಿಲ. ಆಮ್ಲಜನಕವೇ ಇಲ್ಲದ ಕಡೆ ಅಕಸ್ಮಾತ್ ಗ್ಯಾಸು ಸೋರಿದರೂ ಬೆಂಕಿ ಹತ್ತುವುದಿಲ್ಲ.

ಎಷ್ಟೇ ಹೊದಿಕೆ ಹೊದಿಸಿದರೂ ಅರಬ್ಬಿ ಸಮುದ್ರದ ಬಿಸಿಲು ಸುಮ್ಮನಿರುತ್ತದೆಯೇ? ಸ್ವಲ್ಪ ಸ್ವಲ್ಪವಾಗಿ ಶಾಖ ಒಳಗಿಳಿಯುತ್ತದೆ, ದ್ರವದ ಮೇಲ್ಭಾಗ ಕುದಿದು ಆವಿಯಾಗುತ್ತದೆ. ಗ್ಯಾಸ್ ಎಂಜಿನಿಯರಿನ ಕೆಲಸ ಶುರುವಾಗುವುದೇ ಇಲ್ಲಿ. ಆ ಆವಿಯನ್ನು ಕಂಪ್ರೆಸರ್ ಎಳೆದುಕೊಂಡು ಒತ್ತುತ್ತದೆ, ಸಮುದ್ರದ ನೀರು ಅದರ ಶಾಖವನ್ನು ಹೀರುತ್ತದೆ, ಆವಿ ಮತ್ತೆ ದ್ರವವಾಗಿ ಟ್ಯಾಂಕಿಗೆ ವಾಪಸಾಗುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ಹೊರಮೈಯಿಂದ ನೀರು ಆರಿದಷ್ಟೂ ಒಳಗಿನ ನೀರು ತಂಪಾಗುತ್ತದಲ್ಲ, ಅದೇ ತತ್ತ್ವ. ಎದ್ದ ಆವಿ ಉಳಿದ ದ್ರವದಿಂದ ಶಾಖ ತೆಗೆದುಕೊಂಡೇ ಏಳುತ್ತದೆ. ಆ ಆವಿಯನ್ನು ಎಳೆಯುತ್ತಲೇ ಇದ್ದರೆ ಟ್ಯಾಂಕು ತಣ್ಣಗೇ ಉಳಿಯುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಹೀಗೆ ತಣ್ಣಗೆ ಇಟ್ಟ ಟ್ಯಾಂಕಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ತುಸುವೇ ಹೆಚ್ಚು. ಅದು ಏರಿದರೆ ಸುರಕ್ಷತಾ ವಾಲ್ವ್ ತೆರೆದು ಗ್ಯಾಸು ಹೊರಗೆ ಹೋಗುತ್ತದೆ. ಹೊರಗಿನ ಒತ್ತಡಕ್ಕಿಂತ ಕೆಳಗಿಳಿದರೆ ಅದಕ್ಕಿಂತ ಕೇಡು, ಗಾಳಿ ಒಳಗೆ ನುಗ್ಗುವ ಸಾಧ್ಯತೆ. ಆದ್ದರಿಂದ ಹಗಲು ರಾತ್ರಿ ಪ್ರತಿ ಪಾಳಿಯಲ್ಲೂ ಒಬ್ಬರಲ್ಲ ಒಬ್ಬರು ಉಷ್ಣತೆ, ಒತ್ತಡ, ಮಟ್ಟ ಮೂರನ್ನೂ ನೋಡಿ ಬರೆದಿಡುತ್ತಿರುತ್ತಾರೆ. ನೆಂಟರು ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇದು. ನನಗೆ ನಿದ್ದೆ ಬರುತ್ತಿದ್ದುದು ಇನ್ನೊಬ್ಬರು ಎದ್ದಿರುತ್ತಿದ್ದರು ಎಂಬ ನಂಬಿಕೆಯಿಂದ.

ತುಂಬಿಸುವಾಗ ಆತುರ ನಡೆಯದು. ಬೆಚ್ಚಗಿರುವ ಟ್ಯಾಂಕಿಗೆ ಸೊನ್ನೆಗಿಂತ 42 ಡಿಗ್ರಿ ಕೆಳಗಿನ ಕೊರೆಯುವ ದ್ರವವನ್ನು ಒಮ್ಮೆಲೇ ಬಿಟ್ಟರೆ ಉಕ್ಕು ತಾಳುವುದಿಲ್ಲ. ಮೊದಲು ತೆಳ್ಳಗೆ ಸಿಂಪಡಿಸಿ, ಗಂಟೆಗೆ ಹೆಚ್ಚೆಂದರೆ ಹತ್ತು ಡಿಗ್ರಿಯಷ್ಟು ಇಳಿಸುತ್ತಾ ಟ್ಯಾಂಕನ್ನು ಹದಕ್ಕೆ ತರಬೇಕು. ಡೆಕ್ಕಿನ ಮೇಲಿನ ಪೈಪು ನೋಡನೋಡುತ್ತಿದ್ದಂತೆ ಬೆಳ್ಳಗಾಗುತ್ತದೆ. ಮರುಭೂಮಿಯ ಬಂದರಿನ ಧಗೆಯಲ್ಲಿ, ಬೆವರು ಸುರಿಸುತ್ತಾ, ಬೆರಳು ದಪ್ಪ ಹಿಮ ಕಟ್ಟಿದ ಪೈಪಿನ ಪಕ್ಕ ನಿಂತಿರುತ್ತೀರಿ. ಪೈಪು ಜೋಡಿಸುವ ಕಡೆ ಕೆಳಗೆ ದೊಡ್ಡ ತಟ್ಟೆ ಇಟ್ಟಿರುತ್ತಾರೆ. ಡೆಕ್ಕಿನ ಉಕ್ಕು ಟ್ಯಾಂಕಿನ ಉಕ್ಕಿನಂಥದ್ದಲ್ಲ, ಆ ದ್ರವ ನೇರವಾಗಿ ಬಿದ್ದರೆ ಅದು ಸೀಳುತ್ತದೆ. ಟ್ಯಾಂಕನ್ನು ಪೂರ್ತಿ ತುಂಬುವಂತೆಯೂ ಇಲ್ಲ. ದ್ರವ ಹಿಗ್ಗಲು ಜಾಗ ಬೇಕು, ಸಾಮಾನ್ಯವಾಗಿ 98 ಶೇಕಡಾಕ್ಕೆ ನಿಲ್ಲಿಸುತ್ತಾರೆ.

ಹಾಗಾದರೆ ಅವಘಡಗಳೇ ಆಗಿಲ್ಲವೇ? ಆಗಿವೆ. 1974ರ ನವೆಂಬರ್ 9ರಂದು ಟೋಕಿಯೊ ಕೊಲ್ಲಿಯಲ್ಲಿ ಯುಯೊ ಮಾರು ನಂಬರ್ 10 ಎಂಬ ಹಡಗಿಗೆ ಉಕ್ಕು ಹೊತ್ತಿದ್ದ ಇನ್ನೊಂದು ಹಡಗು ಡಿಕ್ಕಿ ಹೊಡೆಯಿತು. ಯುಯೊ ಮಾರುವಿನಲ್ಲಿ ಎಲ್‌ಪಿಜಿಯ ಜೊತೆಗೆ ನಾಫ್ತಾ ಎಂಬ, ಪೆಟ್ರೋಲಿನಂತೆ ಬೇಗ ಹೊತ್ತಿಕೊಳ್ಳುವ ಎಣ್ಣೆಯೂ ಇತ್ತು. ಎರಡೂ ಹಡಗುಗಳಿಂದ 33 ಮಂದಿ ಸತ್ತರು. ಬೆಂಕಿ ಆರದೆ, ಕೊನೆಗೆ ಜಪಾನಿನ ರಕ್ಷಣಾ ಪಡೆ ಆ ಹಡಗನ್ನು ಹೊರ ಸಮುದ್ರದಲ್ಲಿ ಮುಳುಗಿಸಬೇಕಾಯಿತು. ಹತ್ತು ವರ್ಷಗಳ ನಂತರ, ಇರಾನ್ ಇರಾಕ್ ಯುದ್ಧದ ಸಮಯದಲ್ಲಿ, 1984ರ ಅಕ್ಟೋಬರಿನಲ್ಲಿ ಗ್ಯಾಸ್ ಫೌಂಟನ್ ಎಂಬ ಹಡಗಿನ ಮೇಲೆ ಕ್ಷಿಪಣಿಗಳು ಬಿದ್ದವು. ಡೆಕ್ಕಿಗೆ ಬೆಂಕಿ ಹತ್ತಿತು, ನಾವಿಕರು ಹಡಗು ಬಿಟ್ಟರು. ಆದರೂ ಟ್ಯಾಂಕುಗಳು ಸಿಡಿಯಲಿಲ್ಲ. ರಕ್ಷಣಾ ತಂಡದವರು ಬೆಂಕಿ ಆರಿಸಿ, ಒಳಗಿದ್ದ ಸರಕಿನ ಬಹುಪಾಲನ್ನು ಇನ್ನೊಂದು ಹಡಗಿಗೆ ವರ್ಗಾಯಿಸಿದರು. 1986ರಿಂದ ಕಟ್ಟುವ ಅನಿಲದ ಹಡಗುಗಳಿಗೆಲ್ಲ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಪ್ರತ್ಯೇಕ ಸಂಹಿತೆ ಅನ್ವಯಿಸುತ್ತದೆ. ಟ್ಯಾಂಕಿಗೂ ಹಡಗಿನ ಪಕ್ಕೆಗೂ ನಡುವೆ ಎಷ್ಟು ಅಂತರ ಇರಬೇಕು ಎಂಬುದನ್ನೂ ಅದು ಬಿಡದೆ ಹೇಳುತ್ತದೆ.

ಬಂದರಿಗೆ ಬಂದ ಮೇಲೆ ದ್ರವವನ್ನು ಬೆಚ್ಚಗೆ ಮಾಡಿ ಒತ್ತಡದ ಟ್ಯಾಂಕುಗಳಿಗೆ ಇಳಿಸುತ್ತಾರೆ, ಸೋರಿದರೆ ವಾಸನೆಯಿಂದ ಗೊತ್ತಾಗಲೆಂದು ಮರ್ಕ್ಯಾಪ್ಟನ್ ಎಂಬ ರಾಸಾಯನಿಕ ಸೇರಿಸುತ್ತಾರೆ. ಮಂಗಳೂರಿನಲ್ಲಿ ಎಚ್‌ಪಿಸಿಎಲ್ ನೆಲದಡಿಯ ಬಂಡೆ ಕೊರೆದು 80,000 ಟನ್ ಹಿಡಿಯುವ ಉಗ್ರಾಣವನ್ನೇ ಕಟ್ಟಿದೆ. ಅಲ್ಲಿಂದ ಹಾಸನ, ಮೈಸೂರು, ಬೆಂಗಳೂರಿನ ಕಡೆಗೆ ಕೊಳವೆಮಾರ್ಗವೂ ಇದೆ.

ಕೊಳವೆಯಲ್ಲಿ ಹೋಗದ ಗ್ಯಾಸು ರಸ್ತೆ ಹಿಡಿಯುತ್ತದೆ. ನನ್ನ ಆತಂಕ ಇರುವುದು ಇಲ್ಲಿಯೇ. ಹಡಗಿನಲ್ಲಿ ಗೋಡೆಯಾಚೆ ಗೋಡೆ, ಕಾವಲಿನ ಮೇಲೆ ಕಾವಲು ಇಟ್ಟು ತಂದ ಸರಕನ್ನು ಒಬ್ಬ ಚಾಲಕನ ಕೈಗೆ ಕೊಟ್ಟು ಘಟ್ಟ ಹತ್ತಿಸುತ್ತೇವೆ. ಶಿರಾಡಿಯ ತಿರುವುಗಳಲ್ಲಿ, ಮಳೆಯಲ್ಲಿ, ನಿದ್ದೆಗೆಟ್ಟು ಅವನು ಒಬ್ಬನೇ ನಿಭಾಯಿಸಬೇಕು. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಟ್ಯಾಂಕರ್ ಉರುಳಿ ಬೆಂಕಿ ಹತ್ತಿದಾಗ ರಸ್ತೆ ಪಕ್ಕದ ಮನೆಯವರು ಪ್ರಾಣ ಕಳೆದುಕೊಂಡರು. ಕಡಲಲ್ಲಿ ಪಾಳಿಯ ಮೇಲೆ ಪಾಳಿ ಇಟ್ಟು ಕಾಯುವಂತೆ ರಸ್ತೆಯಲ್ಲೂ ಟ್ಯಾಂಕರಿಗೆ ಎರಡನೆಯ ಚಾಲಕ, ಕಡ್ಡಾಯ ವಿಶ್ರಾಂತಿ ಇರಲೇಬೇಕು. ಇದನ್ನು ನಾನು ಕೇಳಿಕೊಳ್ಳುತ್ತಿಲ್ಲ, ಒತ್ತಾಯಿಸುತ್ತಿದ್ದೇನೆ.

ಹೆದ್ದಾರಿ ಪಕ್ಕ ಮನೆ ಇರುವವರು ಇಷ್ಟು ನೆನಪಿಡಿ. ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹಾರಿಹೋಗುವುದಿಲ್ಲ, ನೆಲ ಹಿಡಿದು ತಗ್ಗಿಗೆ, ಚರಂಡಿಗೆ, ಬಾವಿಗೆ ಇಳಿಯುತ್ತದೆ. ಟ್ಯಾಂಕರ್ ಉರುಳಿದ್ದು ಕಂಡರೆ ನೋಡಲು ಹೋಗಬೇಡಿ. ಒಲೆ, ಎಣ್ಣೆದೀಪ ಆರಿಸಿ. ಬೈಕು, ಕಾರು ಶುರು ಮಾಡಬೇಡಿ. ಗಾಳಿ ಬೀಸಿ ಬರುವ ದಿಕ್ಕಿಗೆ, ಎತ್ತರದ ಜಾಗಕ್ಕೆ ಮಕ್ಕಳನ್ನೂ ಮುದುಕರನ್ನೂ ಕರೆದುಕೊಂಡು ನಡೆಯಿರಿ. ದೂರ ಹೋದ ಮೇಲೆ 112ಕ್ಕೆ ಫೋನ್ ಮಾಡಿ. ಮನೆಯ ಸಿಲಿಂಡರ್ ಸೋರಿದರೆ 1906ಕ್ಕೆ.

ನಮಸ್ಕಾರ.